ಮೊದಲ ಸಭೆ ಹಿಡಿಸದಿದ್ದರೆ

ಬಲ್ಮಠದ ಓದುಗರೇ,

ನೀವು ಹೋಗಿಬಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಯ ಮಾತು ಆಮೇಲೆ. ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತದೆ ಎಂದು ಬರೆದಿದ್ದೀರಿ. ಈ ಹಂತದಲ್ಲಿ ಹಟ ಹಿಡಿದು ಒಮ್ಮೆಲೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಎರಡು-ಮೂರನೇ ದಿನ ಬುದ್ಧಿಭ್ರಮೆಯಾಗಿ ಜೀವಕ್ಕೇ ಅಪಾಯವಾಗಬಹುದು. ಮೊದಲು ವೆನ್ಲಾಕ್ ಆಸ್ಪತ್ರೆಯಲ್ಲೋ ಬೇರೆಡೆಯೋ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಸಭೆ. ಒಂದೇ ಸಲ ಹೋಗಿ ‘ಇದು ನನಗಲ್ಲ’ ಎಂದುಬಿಟ್ಟಿರಿ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಕುಡಿತದಿಂದ ಸೋತ ಇಬ್ಬರ ಮಾತುಕತೆಯಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್‌ನಲ್ಲಿ ಪ್ರತಿ ಗುಂಪಿಗೂ ಅದರದೇ ಗುಣವಿದೆ. ಮನೆಯಲ್ಲಿ ತುಳು ಆಡುವ ನೀವು ಇಂಗ್ಲಿಷ್ ಸಭೆಯಲ್ಲಿ ಕುಳಿತರೆ ನೋವು ಹೊರಬರುವುದು ಹೇಗೆ? ನಿಮ್ಮ ಮಾತು ಕಚೇರಿಯ ವರದಿಯಂತಾಗುತ್ತದೆ. ತುಳು, ಕನ್ನಡ ನಡೆಯುವ ಗುಂಪನ್ನು ವಿಚಾರಿಸಿ. ನಾಲ್ಕೈದು ಸಭೆ ಸುಮ್ಮನೆ ಕೂತು ಕೇಳಿದರೂ ಸಾಕು. ಶುಲ್ಕವಿಲ್ಲ, ಕುಡಿತ ಬಿಡುವ ಆಸೆಯೊಂದಿದ್ದರಾಯಿತು.

ಪರಿಚಯದವರು ಕಂಡರೆ? ಮುಚ್ಚಿದ ಸಭೆಗೆ ಹೋಗಿ. ಅಲ್ಲಿಗೆ ಬರುವವರೆಲ್ಲ ಇದೇ ಕಷ್ಟದವರು, ನಿಮ್ಮಷ್ಟೇ ಅಳುಕಿನವರು.

ಊರ ಕಡೆಯ ವಾತಾವರಣವೇ ಬೇಕೆನಿಸಿದರೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಿವೆ. ಶಿಬಿರದ ನಂತರ ನವಜೀವನ ಸಮಿತಿಗಳು ಜೊತೆಗಿರುತ್ತವೆ. ಆದರೆ ಭಜನೆ, ಪ್ರಾರ್ಥನೆ ಒಗ್ಗದವರಿಗೆ ಶಿಬಿರ ಕಷ್ಟವಾದೀತು.

ನಿಮ್ಮ ಹೆಂಡತಿಗೆ, ಕುಡಿಯುವವರ ಮನೆಯವರಿಗೆಂದೇ ಇರುವ ಅಲ್-ಅನಾನ್ ಎಂಬ ಬೇರೆಯೇ ಸಭೆಯಿದೆ. ನೀವು ಬಿಡುವ ತನಕ ಅವರು ಕಾಯಬೇಕಿಲ್ಲ, ಈ ವಾರವೇ ಹೋಗಬಹುದು.