15 ಮಕ್ಕಳು, 23 ಸ್ಪರ್ಧೆ, ಒಂದು ಕಡ್ಡಿ ಗೋಪುರ

ನಮ್ಮಲ್ಲಿ 'ಸೈನ್ಸ್ ಒಲಿಂಪಿಯಾಡ್' ಅಂದ್ರೆ ಶಾಲೆಯಲ್ಲಿ ಫೀಸು ಕಟ್ಟಿ, ಓಎಂಆರ್ ಶೀಟಿನಲ್ಲಿ ಗುಂಡಗೆ ತುಂಬಿಸಿ ಬರೋ ಪರೀಕ್ಷೆ. ನಮ್ಮಲ್ಲಿ ಬಹಳ ಜನ ಬರೆದಿದ್ದೇವೆ, ಕೆಲವರ ಮನೆಯ ಶೋಕೇಸಿನಲ್ಲಿ ಮೆಡಲೂ ಇದೆ. ಅಮೆರಿಕದಲ್ಲಿ ಇದೇ ಹೆಸರಿನ ಇನ್ನೊಂದು ಸ್ಪರ್ಧೆ ಇದೆ. ಅದು ಪೂರ್ತಿ ಬೇರೆ ಜಾತಿಯದು. 1984ರಲ್ಲಿ ಶುರುವಾದ ಈ ಸ್ಪರ್ಧೆಯಲ್ಲಿ ಒಬ್ಬೊಬ್ಬರೇ ಗೆಲ್ಲೋಕೆ ಆಗಲ್ಲ, ಶಾಲೆಯ ತಂಡವೇ ಗೆಲ್ಲಬೇಕು. 6ರಿಂದ 9ನೇ ತರಗತಿಯವರದ್ದು ಬಿ ವಿಭಾಗ, 9ರಿಂದ 12ರವರದ್ದು ಸಿ ವಿಭಾಗ. ಒಂದು ತಂಡದಲ್ಲಿ ಹೆಚ್ಚೆಂದರೆ 15 ಮಕ್ಕಳು, ಸ್ಪರ್ಧೆಗಳು 23.

ಈ ಸೆಮಿಸ್ಟರ್‌ನಲ್ಲಿ ನಮ್ಮ ಕ್ಲಬ್ಬಿನವರು ಹತ್ತಿರದ ಸರ್ಕಾರಿ ಪ್ರೌಢಶಾಲೆಯ 8 ಮತ್ತು 9ನೇ ತರಗತಿಯವರಿಗೆ ಇದರ ಎರಡು ಸ್ಪರ್ಧೆಗಳನ್ನು ಕನ್ನಡದಲ್ಲಿ ನಡೆಸಬೇಕು ಅಂತ ಇದ್ದೇವೆ. ಹೋಗುವ ಮೊದಲು ನಾವೇ ಸರಿಯಾಗಿ ಅರ್ಥ ಮಾಡಿಕೊಂಡಿರಬೇಕು. ಅಲ್ಲಿ ಯಾರಾದರೂ "ಅಣ್ಣಾ, ಯಾಕೆ?" ಅಂತ ಕೇಳಿದರೆ "ಸಿಲಬಸ್‌ನಲ್ಲಿದೆ" ಅಂತ ಹೇಳೋಕೆ ಆಗಲ್ಲ. ಅದಕ್ಕೇ ಈ ಪಾಠ.

ಮೊದಲು ಅಂಕದ ಲೆಕ್ಕ. ಪ್ರತಿ ಸ್ಪರ್ಧೆಯಲ್ಲೂ ಮೊದಲ ಸ್ಥಾನಕ್ಕೆ 1 ಅಂಕ, ಎರಡನೆಯದಕ್ಕೆ 2, ಇಪ್ಪತ್ತನೆಯದಕ್ಕೆ 20. ಎಲ್ಲ ಕೂಡಿಸಿದಾಗ ಕಡಿಮೆ ಬಂದ ತಂಡ ಗೆದ್ದ ಹಾಗೆ. ಬರದೇ ಇದ್ದರೆ ಕೊನೆಯ ಸ್ಥಾನಕ್ಕಿಂತಲೂ ಹೆಚ್ಚು ಅಂಕ ಬೀಳುತ್ತೆ. ಇದರ ಪರಿಣಾಮ ನೋಡಿ. 40 ತಂಡಗಳಿವೆ ಅನ್ಕೊಳ್ಳಿ. ಚೆನ್ನಾಗಿ ಬರುವ ಸ್ಪರ್ಧೆಯಲ್ಲಿ 3ನೇ ಸ್ಥಾನದಿಂದ 1ಕ್ಕೆ ಏರೋಕೆ ತಿಂಗಳುಗಟ್ಟಲೆ ಕೂತರೆ ಉಳಿಯೋದು 2 ಅಂಕ. ಯಾರಿಗೂ ಬೇಡವಾದ ಸ್ಪರ್ಧೆಯಲ್ಲಿ 30ರಿಂದ 12ಕ್ಕೆ ಬಂದರೆ 18 ಅಂಕ ಉಳಿಯುತ್ತೆ. ಅಂದರೆ ತಂಡದ ಹಣೆಬರಹ ಬರೆಯೋದು ಅದರ ಅತಿ ದುರ್ಬಲ ಸ್ಪರ್ಧೆ.

ಹೆಚ್ಚಿನ ಸ್ಪರ್ಧೆಗಳಿಗೆ ಇಬ್ಬರು ಬೇಕು. ಎಲ್ಲಕ್ಕೂ ಇಬ್ಬಿಬ್ಬರು ಅಂತ ಹಿಡಿದರೂ 46 ಜಾಗ, ಇರೋದು 15 ಜನ, ತಲೆಗೆ ಮೂರು ಸ್ಪರ್ಧೆ. ಅದರ ಮೇಲೆ ಹಲವು ಸ್ಪರ್ಧೆಗಳು ಒಂದೇ ಹೊತ್ತಿಗೆ ಬೇರೆ ಬೇರೆ ಕೋಣೆಯಲ್ಲಿ ನಡೆಯುತ್ತವೆ. ಕ್ಲಾಸಿನ ಟಾಪರ್ ಎಷ್ಟೇ ಜಾಣನಾದರೂ ಎರಡು ಕೋಣೆಯಲ್ಲಿ ಇರೋಕಾಗಲ್ಲ. ನಮ್ಮ ಮಿನಿ ಪ್ರಾಜೆಕ್ಟ್‌ನಲ್ಲಿ ರಿಪೋರ್ಟಿನ ಮೇಲೆ ನಾಲ್ಕು ಹೆಸರು, ಕೆಲಸ ಮಾತ್ರ ಒಬ್ಬರದ್ದು ಅನ್ನೋ ಪದ್ಧತಿ ಇದೆಯಲ್ಲ, ಅದು ಅಲ್ಲಿ ನಡೆಯಲ್ಲ. ಯಾರು ಯಾವ ಹೊತ್ತಿಗೆ ಎಲ್ಲಿ ಅಂತ ಹೊಂದಿಸೋದೇ ದೊಡ್ಡ ಪಜಲ್. ಸಿಎಸ್‌ನವರು ಇದನ್ನು ಗ್ರಾಫ್ ಹಾಕಿ ಬಿಡಿಸಬಹುದು.

ಸ್ಪರ್ಧೆಗಳಲ್ಲಿ ಅಂಗರಚನೆ, ಶಿಲೆ-ಖನಿಜ, ಖಗೋಳದಂಥ ಓದಿ ಬರೆಯುವವು ಒಂದಿಷ್ಟು. ಗುಪ್ತಲಿಪಿ ಬಿಡಿಸುವುದು, ರೋಗ ಹರಡಿದ್ದು ಎಲ್ಲಿಂದ ಅಂತ ಪತ್ತೆ ಹಚ್ಚುವುದು ಕೂಡ ಇವೆ. ಮನೆಯಲ್ಲೇ ಕಟ್ಟಿ ತರುವವು ಇನ್ನೊಂದು ಗುಂಪು. ರಬ್ಬರ್ ಬ್ಯಾಂಡಿನ ವಿಮಾನ, ಇಲಿಬೋನಿನ ಸ್ಪ್ರಿಂಗ್‌ನಿಂದ ಓಡುವ ಗಾಡಿ, ಮರದ ಕಡ್ಡಿಯ ಸೇತುವೆ, ಗೋಪುರ ಇವೆಲ್ಲ ಅಲ್ಲಿ ಬರುತ್ತವೆ. ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತವೆ. ನಾವು ಆರಿಸಿಕೊಂಡದ್ದು ಗೋಪುರ, ಮತ್ತೆ 'ಬರೆ, ಮಾಡು'.

ಗೋಪುರದ ನಿಯಮ ಸರಳ. ಮರ ಮತ್ತು ಅಂಟು ಮಾತ್ರ. ಗೋಪುರದ ತಲೆಯಿಂದ ಸರಪಳಿ ಇಳಿಬಿಟ್ಟು ಬಕೆಟ್ ಕಟ್ಟಿ, ಅದಕ್ಕೆ ಮರಳು ಸುರಿಯುತ್ತಾ ಹೋಗಬೇಕು. ಹೆಚ್ಚೆಂದರೆ 15 ಕಿಲೋ. ಹೊತ್ತ ಭಾರವನ್ನು ಗೋಪುರದ ಸ್ವಂತ ತೂಕದಿಂದ ಭಾಗಿಸಿದರೆ ಅಂಕ ಬರುತ್ತೆ. 10 ಗ್ರಾಂ ಗೋಪುರ 15 ಕಿಲೋ ಹೊತ್ತರೆ 1500. ಹಾಗಾಗಿ 'ಗಟ್ಟಿಯಾಗಿ ಕಟ್ಟು' ಅಂತ ಯಾರೂ ಹೇಳಲ್ಲ. 'ಎಷ್ಟು ಕಮ್ಮಿ ಸಾಕು?' ಅನ್ನೋದೇ ಪ್ರಶ್ನೆ.

ಉತ್ತರ ಇರೋದು ನಾವು ಪರೀಕ್ಷೆಗೆ ಬಾಯಿಪಾಠ ಮಾಡುವ ಆಯ್ಲರ್ ಸೂತ್ರದಲ್ಲಿ. ಉದ್ದನೆಯ ತೆಳು ಕಡ್ಡಿಯನ್ನು ಎರಡೂ ತುದಿಯಿಂದ ಒತ್ತಿದರೆ ಅದು ನುಜ್ಜಾಗೋದಕ್ಕೆ ಮೊದಲೇ ಪಕ್ಕಕ್ಕೆ ಬಾಗಿ ಮುರಿಯುತ್ತೆ. ಬಾಗಿಸೋಕೆ ಬೇಕಾದ ಬಲ ಇಷ್ಟು: ಪೈ ವರ್ಗ, ಯಂಗ್ಸ್ ಮಾಡ್ಯುಲಸ್, ಕಡ್ಡಿಯ ಅಡ್ಡಕೊಯ್ತದ ಜಡತ್ವ ಮಹತ್ವ, ಈ ಮೂರರ ಗುಣಲಬ್ಧವನ್ನು ಉದ್ದದ ವರ್ಗದಿಂದ ಭಾಗಿಸಿ. ಚೌಕ ಕಡ್ಡಿಯಾದರೆ ಜಡತ್ವ ಮಹತ್ವ ಅಂದರೆ ದಪ್ಪದ ನಾಲ್ಕನೇ ಘಾತ ಭಾಗಿಸು 12.

ಬಾಲ್ಸಾ ಮರದ 3 ಮಿ.ಮೀ. ಚೌಕ ಕಡ್ಡಿ ತಗೊಳ್ಳೋಣ, ಉದ್ದ 20 ಸೆಂ.ಮೀ. ಮಾಡ್ಯುಲಸ್ 3 ಗಿಗಾಪಾಸ್ಕಲ್ ಅಂತ ಹಿಡಿಯೋಣ. ಲೆಕ್ಕ ಹಾಕಿದರೆ ಬರೋದು ಸುಮಾರು 5 ನ್ಯೂಟನ್, ಅಂದರೆ ಅರ್ಧ ಕಿಲೋ ಅಷ್ಟೇ. ಅದೇ ಕಡ್ಡಿಯ ನಡುವಿಗೆ ಒಂದು ಅಡ್ಡಪಟ್ಟಿ ಕೊಟ್ಟು ಪಕ್ಕಕ್ಕೆ ಸರಿಯದಂತೆ ಹಿಡಿದರೆ ಉದ್ದ ಅರ್ಧವಾದ ಹಾಗೆ, ತಾಳುವ ಬಲ 20 ನ್ಯೂಟನ್. ನಾಲ್ಕು ಭಾಗ ಮಾಡಿದರೆ 80. ಮರ ಅದೇ, ದಪ್ಪ ಅದೇ. ಬದಲು ದಪ್ಪವನ್ನೇ 4 ಮಿ.ಮೀ.ಗೆ ಏರಿಸಿದ್ದರೆ? ಬಲ 3 ಪಟ್ಟಿಗಿಂತ ಸ್ವಲ್ಪ ಹೆಚ್ಚಾಗುತ್ತೆ, ಆದರೆ ಕಡ್ಡಿಯ ತೂಕ ಶೇಕಡ 78 ಏರುತ್ತೆ. ಅಡ್ಡಪಟ್ಟಿಗೂ ತೂಕ ಇದೆ ನಿಜ. ಆದರೆ ಅದು ಹೊರೋದು ಅತ್ಯಲ್ಪ ಬಲ, ಹಾಗಾಗಿ ಅದನ್ನು ತುಂಬಾ ತೆಳ್ಳಗೆ ಮಾಡಬಹುದು.

ಈಗ ಗೋಪುರಕ್ಕೆ ಹಾಕಿ ನೋಡಿ. 15 ಕಿಲೋ ಅಂದರೆ 147 ನ್ಯೂಟನ್. ಕಾಲು ನಾಲ್ಕು, ನೆಟ್ಟಗಿವೆ ಅಂತ ಹಿಡಿದರೆ ಒಂದೊಂದಕ್ಕೂ ಸುಮಾರು 37. ಸೂತ್ರವನ್ನು ತಿರುಗಿಸಿ ಉದ್ದ ಕಂಡುಹಿಡಿದರೆ 7.3 ಸೆಂ.ಮೀ. ಬರುತ್ತೆ. ಅಂದರೆ ಪ್ರತಿ 7 ಸೆಂ.ಮೀ.ಗೆ ಒಂದು ಅಡ್ಡಪಟ್ಟಿ. 8ನೇ ತರಗತಿಯವರಿಗೆ ಸೂತ್ರ ಬೇಡ, ಉದ್ದ ಅರ್ಧವಾದರೆ ಬಲ ನಾಲ್ಕು ಪಟ್ಟು ಅನ್ನೋದು ಸಾಕು. ಒಂದು ಕಡ್ಡಿಯನ್ನು ಅಡುಗೆಮನೆ ತಕ್ಕಡಿಯ ಮೇಲೆ ನೆಟ್ಟಗೆ ನಿಲ್ಲಿಸಿ ಬೆರಳಿಂದ ಒತ್ತಿದರೆ, ಬಾಗುವ ಹೊತ್ತಿಗೆ ತಕ್ಕಡಿ ತೋರಿಸೋದೇ ಅದರ ತಾಕತ್ತು. ಅಲ್ಲಿಯ ಮಕ್ಕಳೂ ಹೀಗೇ ಪರೀಕ್ಷಿಸುತ್ತಾರೆ. ಒಂದೇ ಅಳತೆಯ ಬಾಲ್ಸಾ ಕಡ್ಡಿಗಳಲ್ಲೂ ತೂಕ, ಬಿಗಿ ಬೇರೆ ಬೇರೆ ಇರೋದರಿಂದ ಒಂದೊಂದನ್ನೂ ತೂಗಿ, ಗುರುತು ಹಾಕಿ, ಗಟ್ಟಿಯವನ್ನು ಕಾಲಿಗೆ, ಹಗುರದವನ್ನು ಅಡ್ಡಪಟ್ಟಿಗೆ ಇಡುತ್ತಾರೆ. ನಮ್ಮ ಮಟೀರಿಯಲ್ಸ್ ಲ್ಯಾಬ್‌ನಲ್ಲಿ ರೀಡಿಂಗ್ ಮೊದಲೇ ಗೊತ್ತಿರುತ್ತೆ, ಗ್ರಾಫ್ ಮಾತ್ರ ಎಳೆಯೋದು ಬಾಕಿ ಅನ್ನೋದು ಬೇರೆ ಮಾತು.

ಬಾಲ್ಸಾ ಇಲ್ಲಿ ದುಬಾರಿ. ನಾವು ಊದುಬತ್ತಿಗೆ ಬಳಸುವ ಬಿದಿರು ಕಡ್ಡಿ ತಗೊಂಡು ಹೋಗ್ತೀವಿ, ಮಸಾಲೆ ಹಚ್ಚದ ಖಾಲಿ ಕಡ್ಡಿ. ಬಹಳ ತೆಳ್ಳಗಿರೋದರಿಂದ ಬೇಗ ಬಾಗುತ್ತೆ, ಪಾಠಕ್ಕೆ ಅದೇ ಒಳ್ಳೇದು. ಭಾರದ ಮಿತಿ 15ರ ಬದಲು 3 ಕಿಲೋ ಇಡೋಣ.

ಎರಡನೆಯದು 'ಬರೆ, ಮಾಡು'. ಲೋಟ, ಸ್ಟ್ರಾ, ಬ್ಲಾಕ್‌ಗಳಿಂದ ಜೋಡಿಸಿದ ವಿಚಿತ್ರ ವಸ್ತುವೊಂದನ್ನು ಒಬ್ಬರು 25 ನಿಮಿಷ ನೋಡಿ, ಚಿತ್ರ ಬಿಡಿಸದೆ, ಬರೀ ಮಾತಿನಲ್ಲಿ ಬರೆಯಬೇಕು. ಆ ಕಾಗದ ಬೇರೆ ಕೋಣೆಯಲ್ಲಿರುವ ಜೊತೆಗಾರರಿಗೆ ಹೋಗುತ್ತೆ. ಅವರು 20 ನಿಮಿಷದಲ್ಲಿ ಹಾಗೇ ಕಟ್ಟಬೇಕು. ಮೂಲದಂತೆ ಸರಿಯಾಗಿ ಕೂತ ಪ್ರತಿ ತುಂಡಿಗೂ ಅಂಕ.

ನಾವು ಬಹಳ ಜನ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ತಾಂತ್ರಿಕ ವಿಷಯ ಬರೆದು ಅಭ್ಯಾಸ ಇಲ್ಲ. ಹಾಗಾಗಿ ಕ್ಲಬ್ಬಿನಲ್ಲಿ ಒಂದು ಶನಿವಾರ ನಾವೇ ಜೋಡಿ ಜೋಡಿಯಾಗಿ ಆಡಿ ನೋಡಿದೆವು. ತೊಡಕು ಬಂದದ್ದು 'ಮೇಲೆ' ಅನ್ನೋ ಪದದಲ್ಲಿ. 'ಸ್ಟ್ರಾ ಲೋಟದ ಮೇಲೆ ಇರಲಿ' ಅಂದರೆ ಲೋಟಕ್ಕೆ ತಾಗಿಕೊಂಡೋ, ತಾಗದೆ ಮೇಲುಗಡೆಯೋ? ಕನ್ನಡದಲ್ಲಿ ಎರಡಕ್ಕೂ ಅದೇ ಪದ. 'ತಾಗುವಂತೆ' ಅಂತ ಸೇರಿಸಲೇಬೇಕು. 'ಪಕ್ಕದಲ್ಲಿ' ಅನ್ನೋದಂತೂ ಯಾವ ಪಕ್ಕ ಅಂತ ಹೇಳದೆ ಬರೀಬಾರದು.

ಆದರೆ ಇನ್ನೊಂದು ಕಡೆ ಕನ್ನಡ ನಮಗೆ ಸಿಕ್ಕಾಪಟ್ಟೆ ಉಪಕಾರ ಮಾಡಿತು. ಅಂಗಾತ, ಬೋರಲು, ಮಗ್ಗುಲು, ನೆಟ್ಟಗೆ, ಅಡ್ಡ, ಓರೆ. ಲೋಟವನ್ನು ಬೋರಲು ಹಾಕು ಅಂದರೆ ಮುಗೀತು, ಬಾಯಿ ಕೆಳಗೆ ಅಂತ ಬಿಡಿಸಿ ಹೇಳೋದೇ ಬೇಡ. ಇಂಗ್ಲಿಷಿನಲ್ಲಿ ಮೂರ್ನಾಲ್ಕು ಪದ ಬೇಕಾಗೋ ಕಡೆ ಇಲ್ಲಿ ಒಂದೇ. ಹಳ್ಳಿಯಿಂದ ಬಂದ ನಮ್ಮ ಗೆಳೆಯರು ಬರೆದ ಕಾಗದ ಎಲ್ಲರದ್ದಕ್ಕಿಂತ ಚಿಕ್ಕದಿತ್ತು, ಕಟ್ಟಿದ್ದು ಎಲ್ಲರದ್ದಕ್ಕಿಂತ ಸರಿ ಇತ್ತು. ಶಾಲೆಯ ಮಕ್ಕಳು ಇದರಲ್ಲಿ ನಮ್ಮನ್ನು ಮೀರಿಸುತ್ತಾರೆ ಅಂತ ನಮ್ಮ ಅಂದಾಜು.

ತೀರ್ಪಿಗೆ ಬರುವವರಿಗೆ ಒಂದು ಮಾತು. ಮಕ್ಕಳ ಕಾಗದದಲ್ಲಿ ಕಾಗುಣಿತ ತಪ್ಪಿದ್ದರೆ ಅಂಕ ಕಳೆಯೋ ಹಾಗಿಲ್ಲ, ಕಟ್ಟಿದ ವಸ್ತುವನ್ನು ಮಾತ್ರ ನೋಡಬೇಕು. ಗೋಪುರ ಮುರಿಯುವಾಗ ಬಿದಿರು ಚೂರು ಹಾರುತ್ತೆ, ಆದ್ದರಿಂದ ಮರಳು ಸುರಿಯುವವರು, ಹತ್ತಿರ ನಿಲ್ಲುವವರು ಎಲ್ಲರಿಗೂ ಸೇಫ್ಟಿ ಕನ್ನಡಕ ಕಡ್ಡಾಯ. ತಕ್ಕಡಿ ಎರಡು ಬೇಕು. ಹಾಸ್ಟೆಲಿನಲ್ಲಿ ಯಾರ ಹತ್ತಿರ ಇದೆಯೋ ಅವರು ಕ್ಲಬ್ಬಿಗೆ ತಿಳಿಸಿ.