ಬಹುಮಾನದ ಆಸೆ, ಬತ್ತುವ ಆಸಕ್ತಿ

ತಾನಾಗಿಯೇ ಚಿತ್ರ ಬರೆಯುವ ಮಗುವಿಗೆ ‘ಚೆನ್ನಾಗಿ ಬರೆದರೆ ಸೈಕಲ್ ಕೊಡಿಸುತ್ತೇನೆ’ ಎನ್ನುವ ತಂದೆತಾಯಿಯರೇ, ಸ್ವಲ್ಪ ತಾಳಿ. ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಲೆಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಚಿತ್ರ ಬರೆಯುವುದನ್ನು ಇಷ್ಟಪಡುವ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಮೊದಲೇ ಬಹುಮಾನದ ಆಸೆ ತೋರಿಸಿ ಬರೆಸಿದರು. ಒಂದೆರಡು ವಾರ ಕಳೆದು ನೋಡಿದರೆ, ಬಿಡುವಿನಲ್ಲಿ ಈ ಮಕ್ಕಳು ಚಿತ್ರಕ್ಕೆ ಕೊಡುತ್ತಿದ್ದ ಸಮಯ ಉಳಿದವರ ಸುಮಾರು ಅರ್ಧದಷ್ಟೇ! ಮುಂಚೆ ಹೇಳದೆ ಕೊಟ್ಟ ಬಹುಮಾನದಿಂದ ಈ ತೊಂದರೆ ಆಗಲಿಲ್ಲ.

ಪಕ್ಕದ ಮನೆಯ ಹುಡುಗನ ಮಾರ್ಕ್ಸಿನೊಂದಿಗೆ ಹೋಲಿಸಿ ಬೈಯುವುದು ಇದಕ್ಕಿಂತ ಕೆಟ್ಟದ್ದು ಎಂದು ನನ್ನ ಅಭಿಪ್ರಾಯ. ಹೆದರಿದ ಮಗು ತಪ್ಪಾಗದಂತೆ ಬರೆಯುತ್ತದೆಯೇ ಹೊರತು ಹೊಸದಕ್ಕೆ ಕೈಹಾಕುವುದಿಲ್ಲ. ಶಾಲೆಯ ದಿನ ಮಾತ್ರ ಹೊಟ್ಟೆನೋವು, ಭಾನುವಾರ ಇಲ್ಲವೆಂದಾದರೆ ವೈದ್ಯರಿಗೆ ತೋರಿಸಿ; ಜೊತೆಗೆ ಶಾಲೆಯಲ್ಲಿ ಏನಾಯಿತೆಂದೂ ಮೆಲ್ಲಗೆ ವಿಚಾರಿಸಿ.