ಲಸಿಕೆ ಹಾಕ್ಸಿದ್ರೂ ಕಾಲುಬಾಯಿ ಜ್ವರ ಯಾಕೆ?

ತೋವಿನಕೆರೆಯ ನಮ್ಮ ಕೊಟ್ಟಿಗೆಯಲ್ಲಿ ಲಸಿಕೆ ಹಾಕಿಸಿದ್ದ ಹಸುವಿಗೂ ಕಾಲುಬಾಯಿ ಜ್ವರ ಬಂದಾಗ 'ಇಂಜೆಕ್ಷನ್ನೇ ದಂಡ' ಅಂದಿದ್ದೆ. ತಪ್ಪು ನನ್ನದು, ಎರಡನೇ ಸುತ್ತು ತಪ್ಪಿಸಿದ್ದೆ. ಲಸಿಕೆಯ ಬಲ ಆರು ತಿಂಗಳಲ್ಲಿ ಇಳಿದುಬಿಡುತ್ತೆ.

ವೈರಸ್ಸೂ ಸುಮ್ಮನಿರಲ್ಲ. ನಮ್ಮಲ್ಲಿರೋದು ಓ, ಎ, ಏಷ್ಯಾ-1 ಬಗೆಗಳು. ಒಂದರ ಲಸಿಕೆ ಇನ್ನೊಂದನ್ನು ತಡೆಯಲ್ಲ, ಅದಕ್ಕೇ ಮೂರನ್ನೂ ಬೆರೆಸಿರ್ತಾರೆ. 'ಸಿ' ಬಗೆ 1995ರ ನಂತರ ಭಾರತದಲ್ಲಿ ಕಂಡಿಲ್ಲ, ಅದನ್ನು ಕೈಬಿಟ್ಟರು. ಮನುಷ್ಯರ ಫ್ಲೂನಂತೆ ಇದೂ ಆರ್‌ಎನ್‌ಎ ವೈರಸ್, ನಕಲಾಗುವಾಗ ಆದ ತಪ್ಪನ್ನು ತಿದ್ದಿಕೊಳ್ಳಲ್ಲ. ಹೊರಮೈ ಬದಲಾದಂತೆ ಲಸಿಕೆಗೆ ಗುರುತು ಸಿಗಲ್ಲ. 'ಎ' ಅಂತೂ ಬಲು ಚಂಚಲ. ಅದರ ಹಳೇ ಲಸಿಕೆ ತಳಿ ತೆಗೆದು, 2000ದಲ್ಲಿ ಸಿಕ್ಕ ತಳಿ ಸೇರಿಸಬೇಕಾಯ್ತು.

ಕರುವಿಗೆ ನಾಲ್ಕು ತಿಂಗಳಿಗೆ ಮೊದಲ ಲಸಿಕೆ, ತಿಂಗಳ ಬಳಿಕ ಬೂಸ್ಟರ್. ಆಮೇಲೂ ಬಾಯಲ್ಲಿ ಗುಳ್ಳೆ ಕಂಡ್ರೆ ಮುಚ್ಚಿಡಬೇಡಿ, ಪಶುವೈದ್ಯರಿಂದ ಗುಳ್ಳೆ ಸಿಪ್ಪೆಯ ಮಾದರಿ ತೆಗೆಸಿ. ವೈರಸ್ ಎಷ್ಟು ಬದಲಾಗಿದೆ ಅಂತ ಲ್ಯಾಬಿಗೆ ಗೊತ್ತಾಗೋದು ಅದರಿಂದಲೇ.